ಅಲಸಂದೆಯಲ್ಲಿ ಕಬ್ಬಿಣ ಹೆಚ್ಚಿಸುವ ಜೀನ್ ಹುಡುಕಲು ಯಾವ ಮಾರ್ಕರ್‌ನಿಂದ ಶುರು ಮಾಡಲಿ?

ಮಾರ್ಕರ್ (ಜೀನ್ ಇರುವ ಜಾಗ ತೋರುವ ಡಿಎನ್‌ಎ ಗುರುತು) ಆಮೇಲೆ. ಮೊದಲು ಕಾಳು ತೊಳೆಯಿರಿ. ನೀವು ಪುಣೆಯಲ್ಲಿ ಕೂತು ಗೋವಾದ ಅಲಸಂದೆಗೆ ಕೈ ಹಾಕಲು ಹೊರಟಿದ್ದೀರಿ. ಪಿಎಚ್‌ಡಿಗೆ ಸೇರಿದಾಗ ನನ್ನದೂ ಇದೇ ಹುಚ್ಚು.

ಪೋಂಡಾ ಕಡೆ ಭತ್ತದ ಕೊಯ್ಲಾದ ಮೇಲೆ ಉಳಿದ ತೇವದಲ್ಲೇ ಅಲಸಂದೆ ಹಾಕುತ್ತಾರಲ್ಲ, ಅಂಥದೊಂದು ಗದ್ದೆಯಲ್ಲಿ ನನ್ನ ತಳಿಗಳಿದ್ದವು. ಬಡಿಯಲು ಬಂದವರು ಬಾಗಲಕೋಟೆಯವರು. ಅವರಲ್ಲೊಬ್ಬಾಕೆ, "ಕಾಳಿಗೆ ಕೆಂಪ ಧೂಳ ಹತ್ತೈತ್ರಿ ಸರ, ತೊಳದು ಒಣಸ್ಲೇನ್ರಿ?" ಅಂದಳು. "ಬ್ಯಾಡವ್ವಾ, ಸತ್ವ ಹೋಗತೈತಿ" ಎಂದು ಚೀಲ ಕಟ್ಟಿಸಿದೆ. ಗೋವಾದ ಜಂಬಿಟ್ಟಿಗೆ ಮಣ್ಣು ಕೆಂಪಗಿರುವುದೇ ಕಬ್ಬಿಣದ ಆಕ್ಸೈಡಿನಿಂದ ಎಂಬುದು ನನಗೆ ಗೊತ್ತಿಲ್ಲದ್ದಲ್ಲ! ಕಬ್ಬಿಣ ಹೆಚ್ಚೆಂದು ಹೆಸರಾದ ಪಂತ್ ಲೋಬಿಯಾ-1 ಎಂಬ ಅಲಸಂದೆ ತಳಿಯಲ್ಲೇ ಅದು ಕೆಜಿಗೆ ಸುಮಾರು 82 ಮಿಲಿಗ್ರಾಂ. ಮಣ್ಣಿನಲ್ಲಿ ಕಬ್ಬಿಣ 5% ಎಂದಿಟ್ಟುಕೊಂಡರೂ ಕೆಜಿ ಕಾಳಿಗೆ ಒಂದು ಗ್ರಾಂ ಧೂಳು ಅಂಟಿದರೆ 50 ಮಿಲಿಗ್ರಾಂ ಪುಕ್ಕಟೆ ಸೇರಿತು.

ಮ್ಯಾಪಿಂಗ್‌ನಲ್ಲಿ ಭಾರೀ ಕ್ಯೂಟಿಎಲ್ ಒಂದು, ಅಂದರೆ ಕಬ್ಬಿಣದ ಪ್ರಮಾಣಕ್ಕೆ ತಳುಕು ಹಾಕಿಕೊಂಡ ಡಿಎನ್‌ಎ ಜಾಗ, ಎದ್ದಿತು. ಲ್ಯಾಬಿಗೆಲ್ಲ ಪೇಡೆ ಹಂಚಿದೆ. ಆಮೇಲೆ ನೋಡಿದರೆ, ಸಿಪ್ಪೆ ಒರಟೋ ನಯವೋ ಎಂದು ತೀರ್ಮಾನಿಸುವ ಜಾಗ ಅದು. ಒರಟು ಸಿಪ್ಪೆ ಧೂಳು ಹೆಚ್ಚು ಹಿಡಿದಿತ್ತು, ಅಷ್ಟೆ. ಸುಳಿವು ಕಣ್ಣೆದುರೇ ಇತ್ತು: ಕಾಳುಗಳಲ್ಲಿ ಕಬ್ಬಿಣ, ಸತು ಸಾಮಾನ್ಯವಾಗಿ ಜೊತೆಗೇ ಏರುತ್ತವೆ, ನನ್ನಲ್ಲಿ ಸತು ಕೂತಲ್ಲೇ ಕೂತಿತ್ತು. ಧಾತುಗಳನ್ನು ಅಳೆಯುವ ಐಸಿಪಿ ಯಂತ್ರದಲ್ಲಿ ಅಲ್ಯೂಮಿನಿಯಂ ಕೂಡ ಅಳೆಸಿದ್ದರೆ ಮುಗಿದೇ ಹೋಗುತ್ತಿತ್ತು. ಅದು ಕಾಳಿನೊಳಗೆ ತೀರಾ ಅತ್ಯಲ್ಪ, ಮಣ್ಣಿನಲ್ಲಿ ರಾಶಿ. ಉಳಿದ ಕಾಳು ತೊಳೆದು ಮತ್ತೆ ಅಳೆಯೋಣವೆಂದರೆ ಎಲ್ಲವನ್ನೂ ಆಗಲೇ ಪುಡಿ ಮಾಡಿಟ್ಟಿದ್ದೆ, ಅದೂ ಸ್ಟೀಲ್ ಬ್ಲೇಡಿನ ಮಿಕ್ಸಿಯಲ್ಲಿ, ಬ್ಲೇಡಿನ ಕಬ್ಬಿಣವೂ ಪುಡಿಗೆ ಸೇರುವಂತೆ. ಬೆಳೆ ಮತ್ತೆ ಬೆಳೆಯಬೇಕಾಯಿತು. ಅಷ್ಟರಲ್ಲಿ ಫೆಲೋಶಿಪ್ ನಿಂತಿತು. ನೀವು ಡಿಸ್ಟಿಲ್ಡ್ ನೀರಲ್ಲಿ ಜಾಲಿಸಿ, ಅಗೇಟ್ ಎಂಬ ಗಟ್ಟಿ ಕಲ್ಲಿನ ಒರಳಲ್ಲಿ ಅರೆಯಿರಿ, ಪ್ರತಿ ತಳಿಯಲ್ಲೂ ಒಂದು ಹಿಡಿ ಇಡಿಗಾಳು ತೆಗೆದಿಡಿ.

ಇನ್ನು, "ಕಬ್ಬಿಣದ ಜೀನ್" ಎಂದು ಒಂದಿಲ್ಲ. ಬೇರು ಹೀರಬೇಕು, ನಿಕೋಟಿಯನಮೈನ್ ಎಂಬ ಅಣು ಸಾಗಿಸಬೇಕು, ಫೆರಿಟಿನ್ ಎಂಬ ಪ್ರೋಟೀನ್ ಕೂಡಿಡಬೇಕು; ಒಂದೊಂದು ಹಂತದಲ್ಲೂ ಹತ್ತಾರು ಜೀನ್‌ಗಳ ಚೂರುಪಾರು ಪಾಲು. ಗೋವಾದ ಹುಳಿ ಮಣ್ಣಲ್ಲಿ ಗೆದ್ದ ತಳಿ ಪುಣೆಯ ಸುಣ್ಣದ ಕಪ್ಪು ಮಣ್ಣಲ್ಲೂ ಗೆಲ್ಲುತ್ತದೆಂದು ಹೇಳಲಾಗದು. ಅಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದು ಕಷ್ಟ. ಎರಡೂ ಕಡೆ ಬೆಳೆಯದೆ ಒಂದು ಪ್ರೈಮರ್ (ಮಾರ್ಕರ್ ಪರೀಕ್ಷೆಗೆ ಬೇಕಾದ ಡಿಎನ್‌ಎ ತುಣುಕು) ಕೂಡ ಕೊಳ್ಳಬೇಡಿ.

ನನ್ನನ್ನು ಕೇಳಿದರೆ ವಿಷಯವನ್ನೇ ಬದಲಿಸಿ, ಫೈಟಿಕ್ ಆಮ್ಲ ಇಳಿಸುವ ಜೀನ್ ಹುಡುಕಿ. ಕಾಳಿನ ಫೈಟಿಕ್ ಆಮ್ಲ ನಮ್ಮ ಕರುಳಿನಲ್ಲಿ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಅದು ಇಳಿಯದೆ ಕಬ್ಬಿಣ ಏರಿಸಿ ಏನು ಬಂತು? ರಾಜ್ಮಾದಲ್ಲಿ ಒಂದೇ ಸಾಗಣೆ ಜೀನ್ ಕೆಟ್ಟ ಎಲ್‌ಪಿಎ1 ಎಂಬ ಮ್ಯುಟೆಂಟ್ (ಜೀನ್ ಬದಲಾದ) ಗಿಡದಲ್ಲಿ ಫೈಟಿಕ್ ಆಮ್ಲ ಸುಮಾರು 90% ಇಳಿದಿದೆ. ಒಂಟಿ ಜೀನ್, ಎಂಎಸ್ಸಿ ಅವಧಿಯಲ್ಲೂ ಹಿಡಿಯಬಹುದು. ಗೈಡ್ ಗೊಣಗಬಹುದು, ಗೊಣಗಲಿ. ಸೋಯಾದಲ್ಲಿ ಫೈಟಿಕ್ ಆಮ್ಲ ಇಳಿದ ಕೆಲವು ತಳಿಗಳ ಮೊಳಕೆ ಕುಂಠಿತವಾದದ್ದುಂಟು, ಹಾಗಾಗಿ ಮೊದಲ ಬೀಜ ಕೈಗೆ ಬಂದ ಕೂಡಲೇ ಮೊಳಕೆ ಪರೀಕ್ಷೆ ಮಾಡಿಸಿ.