ಆರು ವರ್ಷದಿಂದ ಪ್ಯಾನಿಕ್ ಮಾತ್ರೆ: ನಿಲ್ಲಿಸಲಾ, ಮುಂದುವರಿಸಲಾ?

ಪ್ರಶ್ನೆ: ನನಗೆ 36 ವರ್ಷ. ಹಾಸನ ಜಿಲ್ಲೆಯಲ್ಲಿ ಪ್ರೈಮರಿ ಸ್ಕೂಲ್ ಟೀಚರ್. ಆರು ವರ್ಷದ ಹಿಂದೆ ಬಸ್ಸಿನಲ್ಲಿ ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಂಡು, ಉಸಿರು ಕಟ್ಟಿ, ಸತ್ತೇ ಹೋಗುತ್ತೇನೆ ಅನ್ನಿಸಿತು. ಇಸಿಜಿ, ಎಕೋ ಎಲ್ಲ ನಾರ್ಮಲ್ ಬಂತು. ಮನೋವೈದ್ಯರು ಪ್ಯಾನಿಕ್ ಅಟ್ಯಾಕ್ ಅಂದರು. ಬೆಳಿಗ್ಗೆ ಎಸ್ಸಿಟಲೋಪ್ರಾಮ್ 10 ಮಿ.ಗ್ರಾಂ, ರಾತ್ರಿ ಕ್ಲೊನಾಜೆಪಾಮ್ 0.5 ಮಿ.ಗ್ರಾಂ ಕೊಟ್ಟರು. ಈಗ ಅಟ್ಯಾಕ್ ಅಪರೂಪ. ಆದರೆ ಬಸ್ಸಿನಲ್ಲಿ ಒಬ್ಬಳೇ ದೂರ ಹೋಗಲ್ಲ, ಪರ್ಸಿನಲ್ಲಿ ಮಾತ್ರೆ ಇಲ್ಲದೆ ಮನೆ ಬಿಡಲ್ಲ. ಮೂರು ವರ್ಷದಿಂದ ಡಾಕ್ಟರ ಹತ್ತಿರ ಹೋಗಿಲ್ಲ, ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ತರುತ್ತೇನೆ. ‘ನಿದ್ದೆ ಮಾತ್ರೆಗೆ ಅಡಿಕ್ಟ್ ಆಗಿದ್ದೀಯ’ ಅಂತ ಗಂಡ ಬೈದಿದ್ದಕ್ಕೆ ಹೋದ ತಿಂಗಳು ಎರಡನ್ನೂ ನಿಲ್ಲಿಸಿದೆ. ಮೂರನೇ ದಿನಕ್ಕೆ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ, ಕೈ ನಡುಕ, ನಿದ್ದೆಯೇ ಇಲ್ಲ. ಹೆದರಿ ಮತ್ತೆ ಶುರು ಮಾಡಿದೆ. ನಾನು ಜೀವನಪೂರ್ತಿ ಇದನ್ನು ನುಂಗಬೇಕಾ? ನಾದಿನಿ ಅಶ್ವಗಂಧ ತಂದುಕೊಟ್ಟಿದ್ದಾಳೆ, ಅದು ಸಾಕಾಗುತ್ತಾ?

ಉತ್ತರ: ಮತ್ತೆ ಶುರು ಮಾಡಿದ್ದು ಸರಿಯಾಯಿತು. ಇನ್ನೊಮ್ಮೆ ಹೀಗೆ ಒಂದೇ ಏಟಿಗೆ ನಿಲ್ಲಿಸಬೇಡಿ. ವರ್ಷಗಟ್ಟಲೆ ತೆಗೆದುಕೊಂಡ ಕ್ಲೊನಾಜೆಪಾಮ್ ಅನ್ನು ದಿಢೀರ್ ಬಿಟ್ಟರೆ ಕೆಲವರಿಗೆ ಫಿಟ್ಸ್ ಬರುತ್ತದೆ. ಹಟ ಹಿಡಿದು ತಡೆದುಕೊಳ್ಳುವ ವಿಷಯ ಅಲ್ಲ ಇದು.

ನಿಮ್ಮ ಪತ್ರದಲ್ಲಿ ಎರಡೂ ಮಾತ್ರೆಗೆ ಒಂದೇ ಪ್ರಶ್ನೆ ಇದೆ. ಆದರೆ ಅವೆರಡೂ ಬೇರೆ ಜಾತಿಯವು, ಉತ್ತರವೂ ಬೇರೆ. ‘ಬಿಪಿ ಮಾತ್ರೆ ಇದ್ದ ಹಾಗೆ ಅಂದುಕೊಂಡು ವರ್ಷಗಟ್ಟಲೆ ನುಂಗಿ’ ಅಂತ ಎಷ್ಟೋ ಜನ ಸಮಾಧಾನ ಹೇಳುತ್ತಾರೆ, ಅಲ್ವಾ? ಎಸ್ಸಿಟಲೋಪ್ರಾಮ್‌ಗೆ ಆ ಮಾತು ತಕ್ಕಮಟ್ಟಿಗೆ ಒಪ್ಪುತ್ತದೆ. ಕ್ಲೊನಾಜೆಪಾಮ್‌ಗೆ ಒಪ್ಪುವುದಿಲ್ಲ.

ಎಸ್ಸಿಟಲೋಪ್ರಾಮ್ ಕೆಲಸ ಶುರು ಮಾಡುವುದಕ್ಕೆ ಕೆಲವು ವಾರ ಬೇಕು. ಮೊದಮೊದಲು ಅದರಿಂದಲೇ ಗಾಬರಿ ಸ್ವಲ್ಪ ಜಾಸ್ತಿ ಆಗುವುದೂ ಉಂಟು. ಆ ವಾರಗಳನ್ನು ದಾಟಿಸಲು ಡಾಕ್ಟರು ಜೊತೆಗೆ ಕ್ಲೊನಾಜೆಪಾಮ್ ಕೊಡುತ್ತಾರೆ. ನುಂಗಿದ ಸ್ವಲ್ಪ ಹೊತ್ತಿಗೇ ಎದೆ ಹಗುರಾಗುತ್ತದೆ. ಕಷ್ಟದಲ್ಲಿರುವವರಿಗೆ ಅದು ದೊಡ್ಡ ಉಪಕಾರ. ಆದರೆ ಅದರ ಪಾತ್ರ ಅಷ್ಟಕ್ಕೇ ಮುಗಿಯಬೇಕು. ಕ್ಲೊನಾಜೆಪಾಮ್ ಸೇರಿರುವ ಬೆಂಜೊಡಯಜೆಪೀನ್ ಗುಂಪಿನ ಔಷಧಗಳನ್ನು 2ರಿಂದ 4 ವಾರಕ್ಕಿಂತ ಹೆಚ್ಚು ಕೊಡಬೇಡಿ ಅಂತ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ 1988ರಲ್ಲೇ ಹೇಳಿತ್ತು. ದೇಹ ಒಗ್ಗಿಹೋಗುತ್ತದೆ, ಬಿಟ್ಟರೆ ತೊಂದರೆ ಆಗುತ್ತದೆ ಎಂಬ ಎಚ್ಚರಿಕೆಯನ್ನು ಡಬ್ಬಿಯೊಳಗಿನ ಮಾಹಿತಿ ಚೀಟಿಯಲ್ಲಿ ಇನ್ನೂ ಗಟ್ಟಿಯಾಗಿ ಬರೆಯಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಆದೇಶಿಸಿತು. ನಮ್ಮಲ್ಲಿ ಏನಾಗುತ್ತದೆ? ಹಳೇ ಚೀಟಿ ತೋರಿಸಿದರೆ ಸಾಕು, ವರ್ಷಗಟ್ಟಲೆ ಸಿಗುತ್ತದೆ. ನಿಲ್ಲಿಸುವುದು ಯಾವಾಗ ಅಂತ ಯಾರೂ ನಿಮಗೆ ಹೇಳಲೇ ಇಲ್ಲ. ನನಗೆ ಇದು ನಿಜಕ್ಕೂ ಬೇಸರದ ವಿಷಯ. ತಪ್ಪು ನಿಮ್ಮದು ಅಂತ ನಾನಂತೂ ಹೇಳುವುದಿಲ್ಲ.

ಅಡಿಕ್ಟ್ ಅನ್ನುವ ಮಾತು ನಿಮಗೆ ತುಂಬಾ ಚುಚ್ಚಿದೆ ಅಂತ ಗೊತ್ತಾಗುತ್ತದೆ. ಆರು ವರ್ಷದಲ್ಲಿ ನೀವು 0.5 ಅನ್ನು 1 ಮಾಡಿಲ್ಲ. ಮತ್ತಿಗಾಗಿ ನುಂಗಿಲ್ಲ. ದೇಹ ಮಾತ್ರೆಗೆ ಒಗ್ಗಿಕೊಂಡಿದೆ, ಅಷ್ಟೇ. ಯಾರೇ ಇಷ್ಟು ದಿನ ತೆಗೆದುಕೊಂಡರೂ ಹೀಗೇ ಆಗುತ್ತಿತ್ತು.

ಆ ಮೂರನೇ ದಿನ ಬಂದದ್ದು ಹಳೇ ಕಾಯಿಲೆಯಾ, ಮಾತ್ರೆ ಬಿಟ್ಟ ಪರಿಣಾಮವಾ? ನಿಮ್ಮ ವಿವರಣೆ ನೋಡಿದರೆ ಎರಡನೆಯದೇ. ಬಿಟ್ಟ ಪರಿಣಾಮ ಸಾಮಾನ್ಯವಾಗಿ ಕೆಲವೇ ದಿನದಲ್ಲಿ ಶುರುವಾಗುತ್ತದೆ. ಮೊದಲು ಇಲ್ಲದ ಹೊಸ ಲಕ್ಷಣ ಬರುತ್ತದೆ. ತಲೆಯೊಳಗೆ ಕರೆಂಟ್ ಹೊಡೆದಂತಾಗುವುದು ಎಸ್ಸಿಟಲೋಪ್ರಾಮ್ ಥಟ್ಟನೆ ಬಿಟ್ಟವರು ಹೇಳುವ ಮಾತು. ತಲೆಸುತ್ತು, ವಾಕರಿಕೆ, ವಿಚಿತ್ರ ಕನಸು ಕೂಡ. ನಡುಕ, ನಿದ್ದೆಗೇಡು ಎರಡರಲ್ಲಿ ಯಾವ ಮಾತ್ರೆ ಬಿಟ್ಟರೂ ಬರಬಹುದು. ಮತ್ತೆ ಮಾತ್ರೆ ತೆಗೆದುಕೊಂಡರೆ ಬೇಗ ತಣ್ಣಗಾಗುತ್ತದೆ. ಕಾಯಿಲೆ ಮರುಕಳಿಸುವುದು ಹೆಚ್ಚಾಗಿ ನಿಧಾನಕ್ಕೆ, ವಾರಗಳೋ ತಿಂಗಳುಗಳೋ ಆದ ಮೇಲೆ, ಹಳೇ ರೂಪದಲ್ಲೇ ಬರುತ್ತದೆ. ಈ ವ್ಯತ್ಯಾಸ ತಿಳಿಯದೆ ಎಷ್ಟೋ ಜನ ‘ಇದಿಲ್ಲದೆ ನಾನು ಬದುಕಲಾರೆ’ ಅಂತ ತೀರ್ಮಾನಿಸಿಬಿಡುತ್ತಾರೆ.

ಹಾಗಾಗಿ ಮೊದಲು ಇಳಿಸಬೇಕಾದದ್ದು ಕ್ಲೊನಾಜೆಪಾಮ್. ಮನೋವೈದ್ಯರ ಉಸ್ತುವಾರಿಯಲ್ಲಿ, ತುಂಬಾ ನಿಧಾನಕ್ಕೆ. ಅಮೆರಿಕದ ವೈದ್ಯ ಸಂಘಗಳು 2025ರಲ್ಲಿ ಕೊಟ್ಟ ಸಲಹೆ ಎಂದರೆ, ಪ್ರತಿ 2ರಿಂದ 4 ವಾರಕ್ಕೆ ಶೇ 5ರಿಂದ 10ರಷ್ಟು ಇಳಿಸಿ ನೋಡುವುದು. 0.5ರಿಂದ ನೇರ 0.25ಕ್ಕೆ ಇಳಿದರೆ ಸಣ್ಣದು ಅನ್ನಿಸುತ್ತದೆ, ಆದರೆ ಅದು ಅರ್ಧಕ್ಕರ್ಧ. ನಡುವೆ 0.25ರ ಒಂದೂವರೆ ಮಾತ್ರೆಯಲ್ಲಿ ನಿಲ್ಲಬಹುದು. ಇನ್ನೂ ಸಣ್ಣ ಹೆಜ್ಜೆ ಬೇಕಾದರೂ ದಾರಿ ಇದೆ, ಡಾಕ್ಟರು ಹೇಳಿಕೊಡುತ್ತಾರೆ. ತಿಂಗಳುಗಳು ಹಿಡಿಯಲಿ, ಬಿಡಿ. ಒಂದು ಹಂತದಲ್ಲಿ ಕಷ್ಟವಾದರೆ ಅಲ್ಲೇ ಸ್ವಲ್ಪ ದಿನ ನಿಲ್ಲಿ. ಪರೀಕ್ಷೆ, ಮನೆಯಲ್ಲಿ ಮದುವೆ ಇರುವ ತಿಂಗಳು ಶುರು ಮಾಡಬೇಡಿ.

ಇದು ಮುಗಿಯುವ ತನಕ ಎಸ್ಸಿಟಲೋಪ್ರಾಮ್ ಮುಟ್ಟದಿರುವುದು ಒಳ್ಳೆಯದು. ಪ್ಯಾನಿಕ್‌ಗೆ ಅದನ್ನು ಪೂರ್ತಿ ಗುಣವಾದ ಮೇಲೂ ಕನಿಷ್ಠ 6 ತಿಂಗಳಿಂದ 1 ವರ್ಷ ಕೊಡುತ್ತಾರೆ, ಆಮೇಲೆ ಮೆಲ್ಲಗೆ ಇಳಿಸಿ ನೋಡುತ್ತಾರೆ. ಬಿಟ್ಟಾಗಲೆಲ್ಲ ಕಾಯಿಲೆ ಮರಳಿದರೆ ವರ್ಷಗಟ್ಟಲೆ ಮುಂದುವರಿಸುವುದರಲ್ಲಿ ಅವಮಾನ ಏನೂ ಇಲ್ಲ. ಆದರೆ ಅದಕ್ಕೂ ಬೆಲೆ ಇದೆ. ಕೆಲವರಿಗೆ ತೂಕ ಏರುತ್ತದೆ. ದಾಂಪತ್ಯದ ಆಸೆ ಕುಗ್ಗುವುದು ತುಂಬಾ ಸಾಮಾನ್ಯ, ಹೆಂಗಸರು ಅದನ್ನು ಡಾಕ್ಟರ ಮುಂದೆ ಬಾಯಿಬಿಡುವುದು ಕಡಿಮೆ. ನಿಮಗೆ ಹಾಗಾಗಿದ್ದರೆ ದಯವಿಟ್ಟು ಹೇಳಿ, ಸರಿಪಡಿಸಲು ದಾರಿ ಇದೆ.

ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಪರ್ಸಿನ ಮಾತ್ರೆ. ಅಟ್ಯಾಕ್ ಅಪರೂಪವಾದರೂ ಭಯ ಹೋಗಿಲ್ಲ. ಮಾತ್ರೆ ಜೊತೆಗಿದ್ದುದರಿಂದಲೇ ಪಾರಾದೆ ಅಂತ ಮನಸ್ಸು ಪ್ರತಿ ಸಲ ಲೆಕ್ಕ ಹಾಕುತ್ತದೆ. ಇದಕ್ಕೆ ಮದ್ದು ಸಿಬಿಟಿ ಎಂಬ ಮಾತಿನ ಚಿಕಿತ್ಸೆ. ನಿಮ್ಮ ವಿಷಯದಲ್ಲಿ ಅದು ನಡೆದೇ ಇಲ್ಲ ಅನ್ನಿಸುತ್ತದೆ. ಅದರಲ್ಲಿ ಬರೀ ಮಾತಿಲ್ಲ. ನಿಂತಲ್ಲೇ ಒಂದು ನಿಮಿಷ ಓಡಿಸಿ ಎದೆಬಡಿತ ಬೇಕೆಂದೇ ಏರಿಸುತ್ತಾರೆ. ಸಣ್ಣ ಸ್ಟ್ರಾದಲ್ಲಿ ಉಸಿರಾಡಿಸುತ್ತಾರೆ. ಅಟ್ಯಾಕಿನಲ್ಲಿ ಆಗುವುದೆಲ್ಲ ಆಗುತ್ತದೆ, ಸಾವು ಮಾತ್ರ ಬರುವುದಿಲ್ಲ. ಬೆರಳು ಜುಮ್ಮೆನ್ನುವುದು ವೇಗದ ಉಸಿರಿನಿಂದ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದು. ಅಟ್ಯಾಕ್ ಸಾಮಾನ್ಯವಾಗಿ 10 ನಿಮಿಷದೊಳಗೆ ತುದಿ ಮುಟ್ಟಿ ಇಳಿಯತೊಡಗುತ್ತದೆ. ಇದನ್ನು ಓದಿ ತಿಳಿಯುವುದು ಬೇರೆ, ಮೈಯಲ್ಲಿ ಅನುಭವಿಸಿ ನಂಬುವುದು ಬೇರೆ. ಆಮೇಲೆ ಬಸ್ಸು: ಒಂದು ಸ್ಟಾಪ್, ಎರಡು ಸ್ಟಾಪ್, ಕೊನೆಗೆ ಪರ್ಸಿನಲ್ಲಿ ಮಾತ್ರೆ ಇಲ್ಲದೆ. ಮಾತ್ರೆ ಇಳಿಸುವಾಗ ಜೊತೆಗೇ ಇದು ನಡೆದರೆ ಬಿಡುವುದು ಸುಲಭವಾಗುತ್ತದೆ.

ಅಶ್ವಗಂಧ ಈಗ ಬೇಡ. ಕ್ಲೊನಾಜೆಪಾಮ್ ಜೊತೆ ಸೇರಿದರೆ ಮಂಪರು ಹೆಚ್ಚಬಹುದು. ಥೈರಾಯ್ಡ್ ಏರುಪೇರು, ಅಪರೂಪಕ್ಕೆ ಲಿವರ್ ತೊಂದರೆ ಆಗಿದ್ದೂ ಇದೆ. ನಾದಿನಿಯ ಪ್ರೀತಿಗೆ ಥ್ಯಾಂಕ್ಸ್ ಹೇಳಿ, ಡಬ್ಬ ಎತ್ತಿಡಿ.

ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ‘ಮನೋಚೈತನ್ಯ’ ಎಂಬ ಮಾನಸಿಕ ಆರೋಗ್ಯ ಕ್ಲಿನಿಕ್ ನಡೆಯುತ್ತದೆ. ನಿಮ್ಮೂರಿನಲ್ಲಿ ಯಾವಾಗ ಅಂತ ಆಸ್ಪತ್ರೆಯಲ್ಲಿ ವಿಚಾರಿಸಿ. ಅಷ್ಟರೊಳಗೆ ಗಾಬರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಡಾಕ್ಟರ ಹತ್ತಿರ ಹೋಗುವಾಗ ಹಳೇ ಚೀಟಿ ಮತ್ತು ಮಾತ್ರೆ ಬಿಟ್ಟ ದಿನಗಳಲ್ಲಿ ಏನೇನಾಯಿತು ಅನ್ನುವ ಟಿಪ್ಪಣಿ ಒಯ್ಯಿರಿ. ದಿನಕ್ಕೆ ಎಷ್ಟು ಲೋಟ ಕಾಫಿ, ಅದನ್ನೂ ಹೇಳಿ. ಥೈರಾಯ್ಡ್ ಟೆಸ್ಟ್ ಆಗಿಲ್ಲದಿದ್ದರೆ ಮಾಡಿಸಿ, ಅದು ಜಾಸ್ತಿ ಆದರೂ ಎದೆ ಹೀಗೇ ಹೊಡೆದುಕೊಳ್ಳುತ್ತದೆ. ಇಳಿಸುವ ಪಟ್ಟಿಯನ್ನು ತಾರೀಕು ಸಮೇತ ಬರೆಸಿಕೊಳ್ಳಿ. ಗಂಡನನ್ನೂ ಕರೆದುಕೊಂಡು ಹೋಗಿ. ಆ ಪಟ್ಟಿ ಅವರ ಕೈಗೂ ಸಿಗಲಿ. ಮಾತ್ರೆ ಇಳಿಸಿದ ವಾರ ನಿಮಗೆ ರಾತ್ರಿ ನಿದ್ದೆ ಕಡಿಮೆ ಇರಬಹುದು, ಆಗ ಬೆಳಗಿನ ತಿಂಡಿ, ಡಬ್ಬಿ ಅವರು ನೋಡಿಕೊಳ್ಳಬೇಕು.