ಲೀಡ್ಸ್‌ಗೆ ಹೊರಟಿರುವ ತಮ್ಮನಿಗೆ, ಬಟ್ಟೆಬರೆ ವಿಚಾರ

ತಮ್ಮಾ, ನೀನು ಕೇಳಿದ್ದನ್ನು ಓದಿದೆ. ಮಂಡ್ಯದಿಂದ ಇಂಗ್ಲೆಂಡಿನ ಲೀಡ್ಸ್‌ಗೆ ಕೆಲಸಕ್ಕೆ ಹೊರಟಿದ್ದೀಯ. ಆಫೀಸಿನಿಂದ ಬಂದ ಮೇಲ್‌ನಲ್ಲಿ ದಿನಾ ‘ಸ್ಮಾರ್ಟ್ ಕ್ಯಾಶುಯಲ್’ ಅಂತಿದೆ, ಡಿಸೆಂಬರ್ ಊಟಕ್ಕೆ ‘ಬ್ಲ್ಯಾಕ್ ಟೈ’ ಅಂತಿದೆ. ಹಾಗಂದ್ರೇನು, ಮೈಸೂರಿನಲ್ಲೇ ಸೂಟು ಹೊಲಿಸಲಾ ಇಲ್ಲ ಅಲ್ಲೇ ಕೊಳ್ಳಲಾ, ಚಳಿಗೆ ಏನು ತರಲಿ, ಮನೆ ಬಾಡಿಗೆ ಎಷ್ಟಾಗುತ್ತೆ ಎಂದು ಕೇಳಿದ್ದೀಯ. ಬಾಡಿಗೆ ಏರಿಯಾ ಮೇಲೆ ಹೋಗುತ್ತೆ, ಬಂದ ಮೇಲೆ ನೋಡೋಣ. ಬಟ್ಟೆ ವಿಚಾರ ಮಾತ್ರ ಕೂತು ಬರೆಯಬೇಕು ಅನಿಸಿತು. ನಾನು ಬಂದಾಗ ಇದನ್ನು ಹೇಳುವವರು ಯಾರೂ ಇರಲಿಲ್ಲ.

ಮೊದಲು ಹೆಸರುಗಳು. ನಾವು ಊರಲ್ಲಿ ಬಳಸುವ ಇಂಗ್ಲಿಷ್ ಹೆಸರುಗಳನ್ನೇ ಇಲ್ಲೂ ಬಳಸುತ್ತಾರೆ, ಆದರೆ ಬೇರೆ ಬಟ್ಟೆಗೆ. ಇಲ್ಲಿ ಪ್ಯಾಂಟ್ಸ್ ಅಂದರೆ ಒಳಚಡ್ಡಿ. ನಮ್ಮ ಪ್ಯಾಂಟಿಗೆ ಟ್ರೌಸರ್ಸ್ ಅನ್ನಬೇಕು. ವೆಸ್ಟ್ ಅಂದರೆ ಬನಿಯನ್. ಸೂಟಿನ ಒಳಗೆ ಹಾಕುವ ತೋಳಿಲ್ಲದ್ದು ವೇಸ್ಟ್‌ಕೋಟ್. ನಿಕ್ಕರ್ ಎಂಬ ಮಾತನ್ನಂತೂ ಬಾಯಿಗೆ ತರಬೇಡ, ಇಲ್ಲಿ ಅದು ಹೆಂಗಸರ ಒಳ ಉಡುಪು. ‘ಹೊಸ ಡ್ರೆಸ್ ತಗೊಂಡೆ’ ಅನ್ನುತ್ತೀವಲ್ಲ, ಇಲ್ಲಿ ಡ್ರೆಸ್ ಅಂದರೆ ಹೆಣ್ಣುಮಕ್ಕಳ ಉದ್ದನೆ ಫ್ರಾಕು. ಸ್ವೆಟರ್‌ಗೆ ಜಂಪರ್ ಅನ್ನುತ್ತಾರೆ. ಸ್ಪೋರ್ಟ್ಸ್ ಶೂ ಅಂದರೆ ಟ್ರೈನರ್ಸ್. ಸ್ಲಿಪ್ಪರ್ಸ್ ಮನೆಯೊಳಗೆ ಹಾಕುವ ಮೆತ್ತನೆಯ ಶೂ, ನಮ್ಮ ಹವಾಯಿ ಚಪ್ಪಲಿ ಅಲ್ಲ. ಇನ್ನು ಕೋಟು. ಸೂಟಿನ ಕೋಟಿಗೆ ಇಲ್ಲಿ ಜಾಕೆಟ್ ಅನ್ನುತ್ತಾರೆ. ಚಳಿಗೆ ಎಲ್ಲದರ ಮೇಲೆ ಹಾಕುವುದು ಕೋಟ್. ಸೂಟು ಹಾಕಿಕೊಂಡು ಹೋದವನಿಗೆ ‘ನಿನ್ನ ಕೋಟ್ ಎಲ್ಲಿ?’ ಎಂದು ಕೇಳಿದರೆ ಗಾಬರಿ ಬೀಳಬೇಡ.

ಆಹ್ವಾನದ ಭಾಷೆ ಇನ್ನೊಂದು. ಸ್ಮಾರ್ಟ್ ಕ್ಯಾಶುಯಲ್ ಅಂದರೆ ಕಾಲರ್ ಇರುವ ಇಸ್ತ್ರಿ ಮಾಡಿದ ಶರ್ಟು, ಚಿನೋಸ್ ಅನ್ನುವ ಕಾಟನ್ ಪ್ಯಾಂಟು, ಚರ್ಮದ ಶೂ. ಬೇಕಿದ್ದರೆ ಮೇಲೊಂದು ಜಾಕೆಟ್ಟು. ಟೈ ಬೇಡ. ಲೌಂಜ್ ಸೂಟ್ ಎಂದು ಕಾರ್ಡಿನಲ್ಲಿ ಬರೆದಿದ್ದರೆ ಮಾಮೂಲಿ ಸೂಟು, ಟೈ. ಬ್ಲ್ಯಾಕ್ ಟೈ ಅಂದರೆ ಬರೀ ಕಪ್ಪು ಟೈ ಅಲ್ಲಪ್ಪ. ಕಾಲರಿನ ಮಡಿಕೆಗೆ ರೇಷ್ಮೆ ಕೂಡಿಸಿದ ಕಪ್ಪು ಡಿನ್ನರ್ ಜಾಕೆಟ್, ಬಿಳಿ ಶರ್ಟು, ಕಪ್ಪು ಬೋ ಟೈ, ಕಪ್ಪು ಶೂ. ಇಷ್ಟೂ ಸೇರಿ ಒಂದು. ವರ್ಷಕ್ಕೊಂದು ಸಲ ಹಾಕೋದಕ್ಕೆ ಕೊಳ್ಳಬೇಡ, ಬಾಡಿಗೆಗೆ ಸಿಗುತ್ತೆ.

ಹೊಲಿಸೋದಾ ಕೊಳ್ಳೋದಾ? ಒಂದು ಸೂಟು ಹೊಲಿಸಿಕೊಂಡೇ ಬಾ. ಕಡು ನೀಲಿ ಬಣ್ಣ, ಎರಡು ಗುಂಡಿ. ಮದುವೆಗೆ ಅಂತ ಹೊಲಿಸುವ ಆ ಮಿರಮಿರ ಮಿಂಚುವ ಬಟ್ಟೆ ಬೇಡ. ಕಪ್ಪು ಸೂಟೂ ಬೇಡ, ಇಲ್ಲಿ ಅದನ್ನು ನೋಡಿದರೆ ಜನಕ್ಕೆ ಸಾವಿನ ಮನೆ ನೆನಪಾಗುತ್ತೆ. ದೇವರಾಜ ಅರಸು ರಸ್ತೆಯಲ್ಲಿ ಅಂಗಡಿಗಳಿಗೇನು ಕಮ್ಮಿ, ಆದರೆ ರೆಡಿಮೇಡ್ ಕಡೆ ತಿರುಗಬೇಡ. ಉಣ್ಣೆ ಬಟ್ಟೆ ಕೇಳು. ಭುಜ ಸರಿಯಾಗಿ ಕೂರಬೇಕು, ಅದೊಂದು ನೋಡಿಕೋ. ತೋಳು, ಸೊಂಟ ಆಮೇಲೆ ಸರಿ ಮಾಡಿಸಬಹುದು, ಭುಜ ಕೆಟ್ಟರೆ ಕೆಟ್ಟ ಹಾಗೇ. ಇಲ್ಲಿ ಒಂದು ಪ್ಯಾಂಟಿನ ಕೆಳಗೆ ಮಡಿಸಿ ಹೊಲಿಯಲು ಕೊಡುವ ದುಡ್ಡಲ್ಲಿ ಮಂಡ್ಯದಲ್ಲಿ ಎರಡು ಪ್ಯಾಂಟಿನ ಹೊಲಿಗೆ ಕೂಲಿ ಕೊಡಬಹುದು.

ಅಳತೆ ಚೀಟಿಯನ್ನು ಟೈಲರ್ ಹತ್ತಿರ ಬರೆಸಿಕೊಂಡು ಜೇಬಲ್ಲಿ ಇಟ್ಟುಕೋ. ಬಟ್ಟೆ ಅಂಗಡಿಯಲ್ಲಿ ಇಲ್ಲೂ ಇಂಚಿನ ಲೆಕ್ಕವೇ. ಜಾಕೆಟ್ಟಿಗೆ ಎದೆ ಸುತ್ತಳತೆ, ಪಕ್ಕದಲ್ಲಿ ಎತ್ತರಕ್ಕೆ ಒಂದು ಅಕ್ಷರ. 38 ಎಸ್ ಅಂದರೆ ಎದೆ 38, ಆಳು ಕುಳ್ಳ. ನಡುವಿನವರಿಗೆ ಆರ್, ಉದ್ದ ಇರುವವರಿಗೆ ಎಲ್. ಶರ್ಟಿಗೆ ಕತ್ತಿನ ಅಳತೆ: 15, 15.5, 16. ಟ್ರೌಸರ್ಸ್‌ಗೆ ಸೊಂಟ ಮತ್ತು ಕಾಲಿನ ಒಳ ಉದ್ದ. ಶೂ ನಂಬರ್ ನಮ್ಮದೇ, ಊರಲ್ಲಿ 8 ಆದರೆ ಇಲ್ಲೂ 8.

ಚಳಿ ಕೋಟ್ ಮಾತ್ರ ಅಲ್ಲಿಂದ ತರಬೇಡ. ನಮ್ಮ ಕಡೆ ಜರ್ಕಿನ್ ಇಲ್ಲಿಯ ಗಾಳಿಗೆ ತಡೆಯಲ್ಲ. ಜನ ದಾನ ಕೊಟ್ಟದ್ದನ್ನು ಮಾರುವ ಚಾರಿಟಿ ಅಂಗಡಿಗಳಲ್ಲಿ ಬಳಸಿದ ಉಣ್ಣೆ ಕೋಟ್ ಒಳ್ಳೊಳ್ಳೆಯದು ಕಡಿಮೆಗೆ ಸಿಗುತ್ತೆ, ಸಂಕೋಚ ಬೇಡ. ಈ ಸೀಮೆ ಬಟ್ಟೆಯ ಸೀಮೆ. ಸೂಟಿನ ಉಣ್ಣೆ ಬಟ್ಟೆಗೆ ಹೆಸರಾದ ಹಡರ್ಸ್‌ಫೀಲ್ಡ್ ಪಕ್ಕದಲ್ಲೇ ಇದೆ. ಲೀಡ್ಸ್‌ನಲ್ಲೇ ಬರ್ಟನ್ ಎಂಬ ಸೂಟಿನ ಕಾರ್ಖಾನೆಯಲ್ಲಿ ಒಂದು ಕಾಲಕ್ಕೆ 10,000ಕ್ಕೂ ಹೆಚ್ಚು ಜನ ಕೆಲಸ ಮಾಡುತ್ತಿದ್ದರು.

ಇಷ್ಟನ್ನು ಎಲ್ಲಾದರೂ ಓದಿ ತಿಳಿದುಕೊಳ್ಳುತ್ತಿದ್ದೆ ನೀನು. ಓದಿ ತಿಳಿಯದ್ದು ಒಂದಿದೆ. ನಿನ್ನ ಬಟ್ಟೆಯಲ್ಲಿ ಏನು ಸರಿಯಿಲ್ಲ ಅಂತ ಇಲ್ಲಿ ಯಾರೂ ಹೇಳುವುದಿಲ್ಲ.

ನಾನು ಬಂದದ್ದು ಜನವರಿಯಲ್ಲಿ. ಮಂಡ್ಯದ ಪೇಟೆ ಬೀದಿಯ ಟೈಲರ್ ಹೊಲಿದುಕೊಟ್ಟ ಸೂಟು ತಂದಿದ್ದೆ. ಅವರಿಗೆ ನಮ್ಮಪ್ಪನ ಅಳತೆಯೂ ಬಾಯಿಪಾಠ, ನನ್ನದೂ ಬಾಯಿಪಾಠ. ಟ್ರಯಲ್‌ಗೆ ಹೋದಾಗ ಸೀಮೆಸುಣ್ಣ ಹಿಡಿದು ಹಿಂದೆ ನಿಂತು, ‘ಕೈ ಎತ್ತು, ಇಳ್ಸು, ಈಗ ಕುಂತ್ಕೊ’ ಅಂದರು. ಆಮೇಲೆ ಬೆರಳಲ್ಲಿ ಒತ್ತಿ ನೋಡಿ, ‘ಎಡಗಡೆ ಭುಜ ಒಸಿ ಇಳ್ದದೆ ಕಣಪ್ಪ, ಒಳ್ಗೆ ಪ್ಯಾಡ್ ಕೊಡ್ತೀನಿ’ ಅಂದರು. ಅಂಗಡಿಯಲ್ಲಿ ಕಾಜಾ ಹೊಲಿಯುತ್ತಿದ್ದ ಹುಡುಗನೂ ತಲೆ ಎತ್ತಿ ನೋಡಿದ. ನನಗೆ ಬೇಜಾರಾಗಲಿಲ್ಲ. ನನ್ನ ಭುಜ ಅವರದ್ದೂ ಕೆಲಸ ಅಲ್ವಾ.

ಇಲ್ಲಿ ಆಫೀಸಿನಲ್ಲಿ ಕೇಳಿದೆ, ಏನು ಹಾಕಿಕೊಂಡು ಬರಲಿ ಅಂತ. ‘ನಿನಗೆ ಯಾವುದು ಹಿತವೋ ಅದು’ ಅಂದರು ಮ್ಯಾನೇಜರ್. ಹೊಸ ಕೆಲಸ, ಹೊಸ ದೇಶ, ನನಗೆ ಸೂಟೇ ಹಿತ. ದಿನಾ ಸೂಟು, ಟೈ. ಉಳಿದವರೆಲ್ಲ ಜಂಪರ್‌ನಲ್ಲಿ ಬರೋರು. ನೋಡುತ್ತಿದ್ದೆ, ಆದರೆ ಮರ್ಯಾದೆಯಾಗಿ ಇರೋದರಿಂದ ಏನು ಕೆಡುತ್ತೆ ಅಂದುಕೊಂಡೆ. ಚಳಿ ಹೋಯಿತು, ಬಿಸಿಲು ಬಂತು. ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಊಟಕ್ಕೆ ಎದ್ದು ಹೋಗೋರು, ನನ್ನನ್ನು ಕರೆಯುತ್ತಿರಲಿಲ್ಲ. ನನ್ನ ಬಣ್ಣಕ್ಕೋ, ನನ್ನ ಇಂಗ್ಲಿಷಿಗೋ ಅಂತ ಒಬ್ಬನೇ ಕೊರಗಿದೆ. ಅಮ್ಮನಿಗೆ ಫೋನಿನಲ್ಲಿ ಎಲ್ಲಾ ಚೆನ್ನಾಗಿದೆ ಅನ್ನುತ್ತಿದ್ದೆ. ಕೊನೆಗೆ ಕೆಲಸ ಬಿಟ್ಟು ಹೊರಟಿದ್ದ ಒಬ್ಬಾಕೆ ಹೋಗುವ ದಿನ ಹೇಳಿದಳು. ‘ನೀನು ದಿನಾ ಟೈ ಕಟ್ಟಿಕೊಂಡು ಬರೋದು ನೋಡಿ, ನಮ್ಮ ಜೊತೆ ಬೆರೆಯೋಕೆ ನಿನಗೆ ಇಷ್ಟವಿಲ್ಲ ಅಂದುಕೊಂಡಿದ್ದೆವು.’

ಅವರ ಮನಸ್ಸಲ್ಲಿ ಕೆಟ್ಟದ್ದು ಇರಲಿಲ್ಲ. ಇಲ್ಲಿ ಇನ್ನೊಬ್ಬರ ಬಟ್ಟೆ ಬಗ್ಗೆ ಮಾತಾಡದಿರುವುದೇ ಮರ್ಯಾದೆ. ನಮ್ಮಲ್ಲಿ ಹೇಳುವುದೇ ಅಕ್ಕರೆ. ಮಂಡ್ಯ ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದ ಅಜ್ಜಿ ‘ಕಾಲರ್ ಒಳಿಕ್ಕೆ ಮಡ್ಚ್ಕೊಂಡದೆ ನೋಡು ಮಗ’ ಅಂತ ತಾನೇ ಕೈ ಹಾಕಿ ಸರಿ ಮಾಡುತ್ತೆ. ಆ ಕೈ ಇಲ್ಲಿ ಇಲ್ಲ ತಮ್ಮಾ. ಬಾಡಿಗೆ, ಚಳಿ, ಅಡುಗೆ ಎಲ್ಲಾ ಅಭ್ಯಾಸ ಆಗುತ್ತೆ. ಇದು ನನಗೆ ಇನ್ನೂ ಆಗಿಲ್ಲ.

ಹೋದ ಚಳಿಗಾಲ ಹಾಸನದ ಒಬ್ಬ ಹುಡುಗ ನಮ್ಮ ಆಫೀಸಿಗೆ ಸೇರಿದ. ಇಲ್ಲೇ ಕೊಂಡ ಹೊಸ ಕೋಟ್, ಒಳ್ಳೆಯ ಕೋಟೇ. ಹಿಂದೆ ಸೀಳು ಇರುತ್ತಲ್ಲ, ಅಲ್ಲಿ ದಾರದಲ್ಲಿ ಇಂಟು ಗುರುತಿನ ಹಾಗೆ ಹೊಲಿಗೆ ಹಾಗೇ ಇತ್ತು. ತೋಳಿನ ತುದಿಯಲ್ಲಿ ಕಂಪನಿ ಪಟ್ಟಿಯೂ ಇತ್ತು. ಅಂಗಡಿಯಲ್ಲಿ ಆಕಾರ ಕೆಡದಿರಲಿ ಅಂತ ಆ ಹೊಲಿಗೆ ಹಾಕಿರುತ್ತಾರೆ, ಕೊಂಡವರು ಬಿಚ್ಚಬೇಕು. ನಮ್ಮೂರಲ್ಲಿ ಟೈಲರ್ ಕಚ್ಚಾ ದಾರ ಎಲ್ಲಾ ಕಿತ್ತೇ ಕೊಡುತ್ತಾರೆ, ಅವನಿಗೆ ಹೇಗೆ ಗೊತ್ತಾಗಬೇಕು? ಇಡೀ ಫ್ಲೋರ್ ನೋಡಿತು, ಒಬ್ಬರೂ ಉಸಿರೆತ್ತಲಿಲ್ಲ. ನಾನು ಅವನನ್ನು ಅಡುಗೆಕೋಣೆಗೆ ಕರೆದು, ಸಣ್ಣ ಕತ್ತರಿ ತಂದು, ಕನ್ನಡದಲ್ಲೇ ಹೇಳಿ ಎರಡನ್ನೂ ಬಿಚ್ಚಿಕೊಟ್ಟೆ. ಆವತ್ತಿನಿಂದ ಮಧ್ಯಾಹ್ನ ಒಟ್ಟಿಗೆ ಊಟ ಮಾಡುತ್ತೇವೆ. ನಿನ್ನ ಕೋಟಿನಲ್ಲೂ ನೋಡಿಕೋ. ಮೇಲಿನ ಜೇಬುಗಳನ್ನೂ ಕೆಲವು ಸಲ ಹೊಲಿದಿರುತ್ತಾರೆ. ಸೂಟಿನ ಜಾಕೆಟ್ ಹಾಕಿಕೊಂಡಾಗ ಕೆಳಗಿನ ಗುಂಡಿ ಬಿಟ್ಟಿರಬೇಕು.

ಡಿಸೆಂಬರ್ ಊಟಕ್ಕೆ ಇನ್ನೊಂದು ದಾರಿಯೂ ಇದೆ. ಬ್ಲ್ಯಾಕ್ ಟೈ ಇರುವ ಕಡೆ ಅವರವರ ದೇಶದ ಉಡುಗೆಗೆ ಮರ್ಯಾದೆ ಇದೆ, ಎಷ್ಟೋ ಕಾರ್ಡುಗಳಲ್ಲಿ ಅದನ್ನೇ ಬರೆದಿರುತ್ತಾರೆ. ಸ್ಕಾಟ್ಲೆಂಡಿನವರು ಲಂಗದಂಥ ಕಿಲ್ಟ್ ಉಟ್ಟು ಬರುತ್ತಾರೆ. ನೀನು ಒಂದು ಕ್ಲೋಸ್ ಕಾಲರ್ ಕಪ್ಪು ಕೋಟು ಹೊಲಿಸಿಕೋ. ಮೇಲುಕೋಟೆ ಕೈಮಗ್ಗದ ಪಂಚೆ ಒಂದು ಇಟ್ಟುಕೋ. ಜರಿ ಅಂಚಿನ ಮೈಸೂರು ಪೇಟ ಸಿಕ್ಕರೆ ಅದನ್ನೂ ತಾ, ಇಲ್ಲಿಯ ಕನ್ನಡ ಸಂಘದ ದಸರಾಕ್ಕಾದರೂ ಆಗುತ್ತೆ. ನಮ್ಮ ಜಿಲ್ಲೆಯಲ್ಲಿ ವಿಶ್ವೇಶ್ವರಯ್ಯನವರ ಫೋಟೋ ಇಲ್ಲದ ಊರಿದೆಯಾ? ಕೋಟು, ಟೈ, ತಲೆ ಮೇಲೆ ಪೇಟ. ಎರಡನ್ನೂ ಒಟ್ಟಿಗೆ ಹಾಕಿಕೊಂಡು ತಲೆಯೆತ್ತಿ ನಿಂತವರು ಅವರು. ನೀನೂ ಯಾವುದನ್ನೂ ಬಿಟ್ಟು ಬರಬೇಕಾಗಿಲ್ಲ.

ಬನಿಯನ್ ಜಾಸ್ತಿ ತಾ. ಇಲ್ಲಿಯವು ನಮಗೆ ಹಿಡಿಸುವುದಿಲ್ಲ. ಸೂಟು ಟೈಲರ್ ಕೈಯಿಂದ ಬಂದ ದಿನ ಹಾಕಿಕೊಂಡು ಮುಂದಿನಿಂದ ಒಂದು, ಹಿಂದಿನಿಂದ ಒಂದು ಫೋಟೋ ತೆಗೆಸಿ ನನಗೆ ಕಳಿಸು. ಭುಜ ಸರಿಯಿಲ್ಲದಿದ್ದರೆ ಸರಿಯಿಲ್ಲ ಅಂತಲೇ ಹೇಳುತ್ತೇನೆ, ವಿಮಾನ ಹತ್ತುವ ಮುಂಚೆ ಬಿಚ್ಚಿಸಿ ಹೊಲಿಸಿಕೊಳ್ಳಲು ಟೈಮ್ ಇಟ್ಟುಕೋ.