ಸಾಲ ತೀರಿದ್ರೂ ನೆಮ್ಮದಿ ಇಲ್ಲ ಅಂದವ್ರಿಗೆ

ಕಾಫಿಗೆ ಒಳ್ಳೆ ರೇಟ್ ಸಿಕ್ತು, ಸಾಲ ತೀರ್ತು, ದಿನಾ ಪ್ರಾರ್ಥನೇನೂ ಮಾಡ್ತೀನಿ, ಆದ್ರೂ ಸಂತೋಷ ಎರಡು ದಿನ ನಿಲ್ಲಲ್ಲ, ನನ್ನ ನಂಬಿಕೇಲೇ ಕೊರತೆನಾ ಅಂತ ಕೇಳಿದೀರಲ್ಲ ಬ್ರದರ್, ಹಾಗಂದ್ಕೋಬೇಡಿ. ಬೈಬಲಲ್ಲಿ ಫಿಲಿಪ್ಪಿಯವರಿಗೆ ಬರೆದ ಪತ್ರ 4ನೇ ಅಧ್ಯಾಯದ 11, 12ನೇ ವಚನ ನಿಧಾನಕ್ಕೆ ಓದಿ. ಯೇಸುವಿನ ಸುವಾರ್ತೆ ಸಾರ್ತಿದ್ದ ಪೌಲ ಅದನ್ನ ಬರೆದಿದ್ದು ಸೆರೆಯಲ್ಲಿದ್ದಾಗ, ಹೊಟ್ಟೆ ತುಂಬಿದ್ರೂ ಹಸಿದಿದ್ರೂ ತೃಪ್ತಿಯಾಗಿರೋದನ್ನ ಕಲ್ತಿದೀನಿ ಅಂತಾನೆ. ಕಲ್ತಿದ್ದು ಅಂದ್ರೆ ಅವ್ನಿಗೂ ಟೈಮ್ ಹಿಡಿದಿದೆ.

ನಾನೂ ಮೂಡಿಗೆರೆ ಕಡೆಯವ್ನೇ. ಒಂದ್ವರ್ಷ ಕುಯ್ಲು ಟೈಮಲ್ಲೇ ಮಳೆ ಹಿಡ್ಕೊಂಡು ಕಣದಲ್ಲಿ ಹರಡಿದ್ದ ಹಣ್ಣೆಲ್ಲ ಬೂಷ್ಟು ಬಂತು. ನಾನು ಟಾರ್ಪಾಲು ಎಳೀತಾ ಅಳ್ತಿದ್ದೆ, ಅಮ್ಮ ಒದ್ದೆ ಹಣ್ಣು ಕೆದಕ್ತಾ ಮೆಲ್ಲಗೆ 23ನೇ ಕೀರ್ತನೆ ಹೇಳ್ಕೊಳ್ತಿದ್ರು, ಕಾರಿರುಳ ಕಣಿವೆಗೂ ಕುರುಬನ ಹಾಗೆ ದೇವರು ಜೊತೆಗೇ ಬರ್ತಾನೆ ಅನ್ನೋ ಆ ಸಾಲು ಬಂದಾಗ ನಂಗೆ ಕೈ ನಿಂತೋಯ್ತು. ದುಡ್ಡು ಹೋಗಿದ್ದು ಹೋಯ್ತು, ಆದ್ರೆ ಯೇಸುಸ್ವಾಮಿ ನಮ್ಮನ್ನ ಬಿಟ್ಟಿಲ್ಲ ಅನ್ನೋದು ಅವತ್ತು ಮನಸ್ಸಲ್ಲಿ ಕೂತಿದ್ದು ಇವತ್ತಿಗೂ ಅಲ್ಲಾಡಿಲ್ಲ.

ರಾತ್ರಿ ಮಲಗೋ ಮುಂಚೆ ಬೇಡೋದು ಸ್ವಲ್ಪ ಪಕ್ಕಕ್ಕಿಟ್ಟು ಆ ದಿನದ ಒಂದೆರಡು ವಿಷ್ಯಕ್ಕೆ ಹೆಸರಿಟ್ಟು ಸ್ತೋತ್ರ ಹೇಳಿ ನೋಡಿ, ಒಂದು ಬಿಸಿ ಗಂಜಿ ಆದ್ರೂ ಸರಿ. ಭಾನುವಾರ ಪೂಜೆ ಮುಗಿದ್ ತಕ್ಷಣ ಮನೆಗೆ ಓಡ್ಬೇಡಿ, ಯಾರ ಹತ್ರ ಆದ್ರೂ ಕೂತು ಮಾತಾಡಿ. ನಿದ್ದೆ, ಊಟ ಎರಡೂ ಕೆಟ್ಟು ವಾರಗಟ್ಲೆ ಆಗಿದ್ರೆ ಡಾಕ್ಟರ್‌ಗೂ ತೋರ್ಸಿ, ಅದೇನು ಅಪನಂಬಿಕೆ ಅಲ್ಲ.